ತಗ್ಗುವ ಮರ, ತಗ್ಗದ ಮರ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ಎಷ್ಟೋ ಕಡೆ ತೋಟಕ್ಕಿಂತ ಬದುವಿನ ಮೇಲಿನ ಮರಗಳೇ ವಯಸ್ಸಿನಲ್ಲಿ ಹಿರಿಯವು. ಹುಣಸೆ, ಹಲಸು, ಮಾವು, ಹೊಂಗೆ, ಬೇವು, ಅಲ್ಲೊಂದು ಇಲ್ಲೊಂದು ಹಿಪ್ಪೆ. ಆ ನೆಲ ರಾಗಿ ಹೊಲವಾಗಿದ್ದಾಗ ಕೊಯ್ಲಿನವರು ಅವುಗಳ ಕೆಳಗೆ ಕೂತು ಬುತ್ತಿ ಬಿಚ್ಚುತ್ತಿದ್ದರು. ಕೊಳವೆಬಾವಿ ಬಂದು ಹೊಲ ತೋಟವಾಯಿತು. ಬದುವಿನ ಮರ ತೋಟದ ನೀರು, ಗೊಬ್ಬರ ಎರಡನ್ನೂ ಉಂಡು ಇನ್ನಷ್ಟು ಎತ್ತರ ಹೋಯಿತು. ತೆಂಗಾದರೋ ಬಿಸಿಲು ಬೇಡುವ ಮರ. ಹುಣಸೆಯ ಪಕ್ಕದ ಸಾಲಿನ ತೆಂಗುಗಳು ಬೆಳಕು ಹುಡುಕುತ್ತ ತೋಟದ ಒಳಕ್ಕೆ ಬಾಗಿರುವುದನ್ನು ಈ ಭಾಗದ ಯಾವ ಊರಿನಲ್ಲೂ ನೋಡಬಹುದು.

"ನಿಮ್ಮ ಹುಣಸೆಮರದ ನೆಳ್ಳಿಗೆ ನಮ್ಮ ಸಾಲಲ್ಲಿ ಹರಳೇ ನಿಲ್ತಿಲ್ಲ ಕಣಣ್ಣ" ಎಂದು ಶುರುವಾದ ಮಾತು ಕೊನೆಗೆ ಎರಡೇ ದಾರಿಗೆ ಬಂದು ನಿಲ್ಲುತ್ತದೆ: ಮರವನ್ನು ಬುಡಸಮೇತ ಮಾರಿಬಿಡುವುದು, ಇಲ್ಲವೇ ಅರ್ಧಕ್ಕೆ ಬೋಳಿಸುವುದು. ವಿದ್ಯುತ್ ತಂತಿ ಹಾದುಹೋದ ಕಡೆ, ಮನೆಯ ಹೆಂಚಿನ ಮೇಲೆ ಕೊಂಬೆ ಚಾಚಿದ ಕಡೆ ನಡೆಯುವುದೂ ಇದೇ. ದೊಡ್ಡ ಮರವನ್ನು ಕೊಲ್ಲದೆ, ಅಪಾಯಕಾರಿಯನ್ನಾಗಿಯೂ ಮಾಡದೆ ಒಂದು ಅಳತೆ ತಗ್ಗಿಸುವ ಮೂರನೆಯ ದಾರಿಯೊಂದಿದೆ. ಅದು ಯಾವ ಮರಕ್ಕೆ ಒಪ್ಪುತ್ತದೆ, ಯಾವುದಕ್ಕೆ ಒಪ್ಪುವುದಿಲ್ಲ ಎಂಬುದು ಮರದ ಮೈಯ ಒಳಗಿನ ಕಟ್ಟೋಣವನ್ನು ಅವಲಂಬಿಸಿದೆ. ಬದುವಿನ ಈಚೆಗಿರುವ ತೆಂಗು, ಮೇಲಿರುವ ಹುಣಸೆ ಎರಡನ್ನೂ ನಾವು ಮರ ಎಂದೇ ಕರೆಯುತ್ತೇವೆ. ಕತ್ತಿ ತಾಗಿದಾಗ ಎರಡೂ ನಡೆದುಕೊಳ್ಳುವ ರೀತಿ ಮಾತ್ರ ಪೂರ್ತಿ ಬೇರೆ.

ಮೊದಲು ತೆಂಗು. ಮೊಳೆತ ತೆಂಗು ಆರಂಭದ ಕೆಲವು ವರ್ಷ ಮೇಲೇಳುವುದೇ ಇಲ್ಲ. ನೆಲಮಟ್ಟದಲ್ಲೇ ಕೂತು ಬುಡವನ್ನು ಅಗಲಿಸಿಕೊಳ್ಳುತ್ತದೆ. ಬೇಕಾದಷ್ಟು ದಪ್ಪ ಬಂದ ಮೇಲೆ ಕಾಂಡ ಎತ್ತುತ್ತದೆ. ಆಮೇಲೆ ಆ ಕಾಂಡ ಎತ್ತರವಾಗುತ್ತದೆಯೇ ಹೊರತು ಹುಣಸೆಯಂತೆ ವರ್ಷ ವರ್ಷ ದಪ್ಪವಾಗುವುದಿಲ್ಲ. ಕಾರಣ, ತೊಗಟೆಯ ಅಡಿಯಲ್ಲಿ ಹೊಸ ಮರವನ್ನೂ ಹೊಸ ತೊಗಟೆಯನ್ನೂ ಹುಟ್ಟಿಸುವ ಕೇಂಬಿಯಂ ಎಂಬ ತೆಳುಪದರ ತೆಂಗಿಗಿಲ್ಲ. ನೀರು ಮತ್ತು ಆಹಾರ ಸಾಗಿಸುವ ನಾಳಗಳು ಕಾಂಡದ ತುಂಬ ಸಾವಿರಾರು ಎಳೆಗಳಾಗಿ ಚದುರಿಕೊಂಡಿವೆ. ಮರ ಇರುವಷ್ಟು ದಿನ ಅವೇ ಎಳೆಗಳು ದುಡಿಯಬೇಕು. ಅಜ್ಜ ನೆಟ್ಟ ತೆಂಗಿನ ಬುಡದಲ್ಲಿ ಇಂದು ಜೀವಂತವಾಗಿರುವ ಜೀವಕೋಶಗಳು ಅಜ್ಜನ ಕಾಲದವೇ. ಪ್ರಾಣಿಲೋಕದಲ್ಲಾಗಲಿ ಸಸ್ಯಲೋಕದಲ್ಲಾಗಲಿ ಇಷ್ಟು ದೀರ್ಘಕಾಲ ಬದಲಾಗದೆ ಕೆಲಸಮಾಡುವ ಜೀವಕೋಶಗಳು ಅಪರೂಪ.

ಇದಕ್ಕೆ ಸಾಕ್ಷಿ ತೋಟದಲ್ಲೇ ಇದೆ. ಮರ ಹತ್ತಲು ಕಾಲಿಡುವಂತೆ ಕಾಂಡಕ್ಕೆ ಕೊಚ್ಚಿದ ಕಚ್ಚುಗಳನ್ನು ನೋಡಿ. ನಲವತ್ತು ವರ್ಷದ ಹಿಂದಿನ ಕಚ್ಚು ಕೂಡ ಕಡಿದ ದಿನದ ಆಕಾರದಲ್ಲೇ ಉಳಿದಿರುತ್ತದೆ. ಅದೇ ಏಟು ಬೇವಿಗೆ ಬಿದ್ದಿದ್ದರೆ ಅಂಚಿನಿಂದ ತೊಗಟೆ ಉಬ್ಬಿ ಬಂದು ಕೆಲವು ವರ್ಷದಲ್ಲಿ ಮುಚ್ಚಿಹೋಗುತ್ತಿತ್ತು. ತೆಂಗಿನ ಗಾಯ ಮುಚ್ಚುವುದಿಲ್ಲ. ಹಾಗಾಗಿ ಆ ಕಚ್ಚು ಕೀಟಕ್ಕೂ ರೋಗಕ್ಕೂ ಶಾಶ್ವತ ಬಾಗಿಲು.

ಎತ್ತರ ತಗ್ಗಿಸುವ ಪ್ರಶ್ನೆ ಇನ್ನೂ ಸರಳ. ತೆಂಗಿಗಿರುವುದು ಒಂದೇ ಸುಳಿ. ಹೊಸ ಗರಿ, ಹೊಸ ಹೊಂಬಾಳೆ, ಹೊಸ ಕಾಂಡ ಎಲ್ಲ ಹುಟ್ಟುವುದು ಅಲ್ಲೇ. ಸುಳಿ ಹೋದರೆ ಪಕ್ಕದಿಂದ ಚಿಗುರಲು ಕಾಂಡದಲ್ಲಿ ಮಲಗಿರುವ ಮೊಗ್ಗುಗಳಿಲ್ಲ. ಸುಳಿಕೊಳೆ ಬಂದ ಮರ, ಕೆಂಪು ಮೂತಿ ಹುಳು ಸುಳಿ ತಿಂದ ಮರ ಬೋಳು ಕಂಬವಾಗಿ ನಿಲ್ಲುವುದನ್ನು ಕಂಡ ರೈತನಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಆದರೆ ಗರಿ ಕಡಿಯುವ ವಿಷಯದಲ್ಲಿ ಅದೇ ರೈತ ಧಾರಾಳಿ. ಮದುವೆ ಚಪ್ಪರಕ್ಕೆ, ಹಬ್ಬದ ಅಲಂಕಾರಕ್ಕೆ, ಪಕ್ಕದ ಬೆಳೆಗೆ ಬೆಳಕು ಬರಲೆಂದು ಹಸಿ ಗರಿಗಳನ್ನು ಇಳಿಸುತ್ತಾರೆ. ಅದರ ಬೆಲೆ ಎಷ್ಟೆಂದು ಲೆಕ್ಕ ಹಾಕೋಣ. ಬಲಿತ ಎತ್ತರದ ತಳಿಯ ತೆಂಗಿನ ತಲೆಯಲ್ಲಿ ಸುಮಾರು 30ರಿಂದ 35 ಬಿಚ್ಚಿದ ಗರಿಗಳಿರುತ್ತವೆ. ವರ್ಷಕ್ಕೆ ಬರುವುದು 12ರಿಂದ 14. ಅಂದರೆ ಪ್ರತಿ ಗರಿಯ ಸೇವೆ ಹತ್ತಿರ ಹತ್ತಿರ ಎರಡೂವರೆ ವರ್ಷ. ಪ್ರತಿ ಗರಿಯ ಕಂಕುಳಲ್ಲಿ ಒಂದು ಹೊಂಬಾಳೆ. ಆ ಹೊಂಬಾಳೆಯ ಮೊಳಕೆ ಸುಳಿಯೊಳಗೆ ರೂಪುಗೊಳ್ಳುವುದು ಅದು ಬಿಚ್ಚುವ ಎರಡೂವರೆ ವರ್ಷಕ್ಕೂ ಮೊದಲೇ. ಬಿಚ್ಚಿದ ಮೇಲೆ ಕಾಯಿ ಬಲಿಯಲು ಇನ್ನೊಂದು ವರ್ಷ. ತಿಪಟೂರಿನ ಮಾರುಕಟ್ಟೆಗೆ ಹೆಸರು ತಂದ ಉಂಡೆ ಕೊಬ್ಬರಿಯಾಗಲು ಆ ಕಾಯಿ ಅಟ್ಟದ ಮೇಲೆ ಮತ್ತೆ ಹತ್ತು ಹನ್ನೊಂದು ತಿಂಗಳು ಒಣಗಬೇಕು. ಇಂದು ಎಪಿಎಂಸಿಯಲ್ಲಿ ಹರಾಜಾಗುವ ಕೊಬ್ಬರಿಯ ಮೊದಲ ಗುರುತು ಸುಳಿಯಲ್ಲಿ ಬಿದ್ದು ನಾಲ್ಕು ವರ್ಷಕ್ಕೂ ಮೇಲಾಗಿದೆ. ಚಪ್ಪರಕ್ಕೆ ಇಳಿಸಿದ ಹತ್ತು ಹಸಿ ಗರಿಗಳ ಏಟು ಈ ಉದ್ದದ ಸರಪಳಿಯ ಎಲ್ಲೋ ಒಂದು ಕಡೆ ಬೀಳುತ್ತದೆ. ಗೊನೆ ಸಣ್ಣದಾದಾಗ ಮಳೆಯನ್ನೋ ನುಸಿಯನ್ನೋ ಬೈಯುತ್ತೇವೆ.

ಒಣಗಿ ಜೋತುಬಿದ್ದ ಗರಿ, ಹಳೆಯ ಹೊಂಬಾಳೆ ಸಿಪ್ಪೆ ತೆಗೆದು ತಲೆ ಸ್ವಚ್ಛಮಾಡುವುದು ಸರಿ. ಕಪ್ಪು ತಲೆ ಹುಳು ವಿಪರೀತವಾಗಿ ಕೆರೆದ ಕೆಳಗಿನ ಗರಿಗಳನ್ನು ಕಡಿದು ಸುಡುವುದೂ ಸರಿ. ಹಸಿ ಗರಿ ಕಡಿಯಲೇಬೇಕಾಗಿ ಬಂದರೆ ಕಾಂಡಕ್ಕೆ ಒತ್ತಿ ಕಡಿಯಬಾರದು. ಸುಮಾರು 120 ಸೆಂಟಿಮೀಟರ್, ಅಂದರೆ ನಾಲ್ಕಡಿಯಷ್ಟು ದಿಂಡು ಬಿಟ್ಟು ಕಡಿಯಬೇಕು. ಹಸಿ ಗಾಯದ ವಾಸನೆ ಕೆಂಪು ಮೂತಿ ಹುಳುವಿನ ಹೆಣ್ಣನ್ನು ಕರೆಯುತ್ತದೆ, ಅದು ಗಾಯದಲ್ಲಿ ಮೊಟ್ಟೆಯಿಡುತ್ತದೆ. ದಿಂಡು ಉದ್ದವಿದ್ದರೆ ಮರಿಹುಳು ಕಾಂಡ ತಲುಪುವುದು ಕಷ್ಟ.

ಎತ್ತರ ಮೀರಿದ ತೆಂಗಿಗೆ ಇರುವ ಉಪಾಯ ಕತ್ತಿಯದಲ್ಲ, ಸಸಿಯದು. ಹಳೆಯ ಸಾಲುಗಳ ನಡುವೆ ಹೊಸ ಸಸಿ ನೆಟ್ಟು, ಅವು ಮೇಲೆದ್ದಂತೆ ಮುದಿ ಮರಗಳನ್ನು ಕೆಲವು ವರ್ಷದಲ್ಲಿ ಕಂತುಕಂತಾಗಿ ತೆಗೆಯುವುದು. ಗಿಡ್ಡ ತಳಿಗಳನ್ನೂ ಎತ್ತರದ ತಳಿಗಳನ್ನೂ ಬೆರೆಸಿ ಸಂಕರಣ ಮಾಡುವ ಕೆಲಸ ಇಂದಿನ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ 1930ರ ದಶಕದಲ್ಲೇ ಆರಂಭವಾಯಿತು.  ಉಂಡೆ ಕೊಬ್ಬರಿಗೆ ಒಗ್ಗಿದ ತಿಪಟೂರು ಎತ್ತರದ ತಳಿಯನ್ನು ಬಿಡಲು ಇಲ್ಲಿನವರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಒಂದೆರಡು ಎಳನೀರಿನ ಗಿಡ್ಡ ಮರಗಳನ್ನು ಮನೆಯ ಹತ್ತಿರ ಇಟ್ಟುಕೊಂಡರೆ ಹಬ್ಬಕ್ಕೆ, ನೆಂಟರಿಗೆ ಎಂದು ದೊಡ್ಡ ಮರ ಹತ್ತುವುದಾದರೂ ತಪ್ಪುತ್ತದೆ.

ಇನ್ನು ಬದುವಿನ ಮೇಲಿನವು. ಹುಣಸೆ, ಹಲಸು, ಮಾವು, ಹೊಂಗೆಗಳಿಗೆ ಕೇಂಬಿಯಂ ಇದೆ. ತೊಗಟೆಯಡಿಯಲ್ಲಿ ಮಲಗಿದ ಮೊಗ್ಗುಗಳಿವೆ. ನೂರಾರು ಬೆಳೆಯುವ ತುದಿಗಳಿವೆ. ಇವುಗಳನ್ನು ಕತ್ತರಿಸಬಹುದು. ಆದರೆ ಇವೂ ಗಾಯವನ್ನು ನಮ್ಮ ಚರ್ಮದಂತೆ ವಾಸಿಮಾಡಿಕೊಳ್ಳುವುದಿಲ್ಲ. ಕಡಿದ ಜಾಗದ ಹಳೆಯ ಮರ ಹಾಗೆಯೇ ಉಳಿಯುತ್ತದೆ. ಅದರ ಮೇಲೆ ಹೊಸ ಮರ ಬೆಳೆದು ಮುಚ್ಚುತ್ತದೆ, ಅಷ್ಟೆ. ಒಳಗೆ ಹೊಕ್ಕ ಕೊಳೆ ಏನಾಗುತ್ತದೆ?

ಇದಕ್ಕೆ ಉತ್ತರ ಹುಡುಕಿದವರು ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೋ. 1959ರಲ್ಲಿ ಕೆಲಸಕ್ಕೆ ಸೇರಿದ ಅವರ ಕೈಗೆ ಆಗಷ್ಟೇ ಬಳಕೆಗೆ ಬರುತ್ತಿದ್ದ, ಒಬ್ಬರೇ ಹಿಡಿದು ನಡೆಸಬಹುದಾದ ಚೈನ್ ಸಾ ಸಿಕ್ಕಿತು. ಅಲ್ಲಿಯವರೆಗೆ ಮರವನ್ನು ಅಡ್ಡಕ್ಕೆ ಕುಯ್ದು ನೋಡುತ್ತಿದ್ದರು. ಶೈಗೋ ಉದ್ದಕ್ಕೆ ಸೀಳಿದರು. ಸಾವಿರಾರು ಮರಗಳನ್ನು ಸೀಳಿ, ಎಂದೋ ಆದ ಗಾಯದಿಂದ ಕೊಳೆ ಎತ್ತ ಹರಡಿದೆ, ಎಲ್ಲಿ ನಿಂತಿದೆ ಎಂದು ಗುರುತಿಸಿದರು. 1977ರಲ್ಲಿ ಪ್ರಕಟವಾದ ಅವರ ವಿವರಣೆಯ ಸಾರ ಹೀಗೆ: ಮರ ಗಾಯವಾದ ಭಾಗದ ಸುತ್ತ ನಾಲ್ಕು ಬಗೆಯ ಗೋಡೆ ಕಟ್ಟುತ್ತದೆ. ಮೇಲೆ ಕೆಳಗೆ ಹರಿಯುವ ನಾಳಗಳನ್ನು ಬಿಗಿದು ಕಟ್ಟುವುದು ಒಂದು, ಇದೇ ಎಲ್ಲಕ್ಕಿಂತ ದುರ್ಬಲ. ತಿರುಳಿನ ಕಡೆಗೆ ಒಂದು, ಪಕ್ಕಗಳಿಗೆ ಒಂದು. ನಾಲ್ಕನೆಯದು ಗಾಯದ ಬಳಿಕ ಕೇಂಬಿಯಂ ಹೊಸದಾಗಿ ಕಟ್ಟುವ ಪದರ. ಗಾಯಕ್ಕೆ ಮೊದಲಿದ್ದ ಮರವನ್ನು ಆಮೇಲೆ ಹುಟ್ಟಿದ ಮರದಿಂದ ಬೇರ್ಪಡಿಸುವ ಈ ಗೋಡೆಯೇ ಅತಿ ಬಲವಾದದ್ದು. ಒಳಗೆಲ್ಲ ಕೊಳೆತು ಪೊಟರೆಯಾದರೂ ಹೊರಗಿನ ಹೊಸ ಮರ ಗಟ್ಟಿಯಾಗಿ ಉಳಿಯುವುದು ಇದರಿಂದ.

ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪಿಗೆ ಹೋದವರು ಈ ನಾಲ್ಕನೆಯ ಗೋಡೆಯನ್ನು ಕೈಯಿಂದ ಮುಟ್ಟಿ ನೋಡಬಹುದು. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾದ ತೋಪು ಅದು. ತಿರುಳೆಲ್ಲ ಹೋಗಿ ಬರೀ ಚಿಪ್ಪಿನ ಮೇಲೆ ನಿಂತ ಮುದಿ ಹುಣಸೆಗಳು ಅಲ್ಲಿ ಈಗಲೂ ಚಿಗುರುತ್ತವೆ. ಮುದಿ ಮರಗಳು ತಾವಾಗಿಯೇ ತಗ್ಗುತ್ತವೆ ಎಂಬುದೂ ಇಂಥ ಕಡೆ ಕಾಣುತ್ತದೆ: ನೆತ್ತಿಯ ಕೊಂಬೆ ಒಣಗಿ ಉದುರುತ್ತದೆ, ಕೆಳಗಿನ ಕೊಂಬೆಗಳಿಂದ ಹೊಸ ತಲೆ ಕಟ್ಟಿಕೊಳ್ಳುತ್ತದೆ. ಬುದ್ಧಿವಂತ ಸವರುವಿಕೆ ಮರ ನಿಧಾನವಾಗಿ ಮಾಡುವ ಈ ಕೆಲಸವನ್ನೇ ಸ್ವಲ್ಪ ಮುಂಚಿತವಾಗಿ ಮಾಡುತ್ತದೆ.

ಕಡಿಯುವ ಜಾಗ ಯಾವುದು? ಕೊಂಬೆ ಕಾಂಡವನ್ನು ಸೇರುವ ಕಡೆ ಬಳೆಯಂಥ ಒಂದು ಉಬ್ಬು ಇರುತ್ತದೆ. ಅದು ಕಾಂಡದ ಮೈ. ಗೋಡೆ ಕಟ್ಟುವ ಶಕ್ತಿ ಅತಿ ಹೆಚ್ಚಾಗಿರುವ ಜಾಗವೂ ಅದೇ. ಉಬ್ಬನ್ನು ಮುಟ್ಟದೆ, ಅದರ ಹೊರಗೆ ಕಡಿಯಬೇಕು. ಅಚ್ಚುಕಟ್ಟಾಗಿ ಕಾಣಲೆಂದು ಕಾಂಡಕ್ಕೆ ಸಮನಾಗಿ ಕುಯ್ದರೆ ಕಾಂಡಕ್ಕೇ ಗಾಯ. ಒಂದಡಿ ಮೋಟು ಬಿಟ್ಟು ಕಡಿದರೆ ಮೋಟು ಸತ್ತು, ಅದರ ಮೂಲಕ ಕೊಳೆ ಒಳಗಿಳಿಯುತ್ತದೆ. ಭಾರದ ಕೊಂಬೆಯನ್ನು ಒಂದೇ ಏಟಿಗೆ ಇಳಿಸಲೂಬಾರದು. ಮೊದಲು ಕಾಂಡದಿಂದ ಒಂದೂವರೆ ಅಡಿ ದೂರದಲ್ಲಿ ಕೆಳಗಿನಿಂದ ಮೂರರಲ್ಲೊಂದು ಭಾಗ ಕುಯ್ಯಬೇಕು. ಅದಕ್ಕಿಂತ ತುಸು ಹೊರಗೆ ಮೇಲಿನಿಂದ ಕುಯ್ದು ಕೊಂಬೆ ಇಳಿಸಬೇಕು. ಉಳಿದ ಹಗುರ ಮೋಟನ್ನು ಉಬ್ಬಿನ ಹೊರಗೆ ತೆಗೆಯಬೇಕು. ಕೆಳಗಿನ ಕುಯ್ತ ಇಲ್ಲದಿದ್ದರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನು ಉದ್ದಕ್ಕೆ ಸುಲಿದುಕೊಂಡು ಹೋಗುತ್ತದೆ. ನಮ್ಮ ಕಡೆಯ ಮಾವು, ಹಲಸಿನ ಮೈಮೇಲೆ ಕಾಣುವ ಆಳುದ್ದದ ಕಲೆಗಳಲ್ಲಿ ಬಹಳಷ್ಟು ಹೀಗೆ ಆದವು.

ಎತ್ತರ ತಗ್ಗಿಸುವಾಗ ನಿಯಮ ಬೇರೆ. ನೆತ್ತಿಯ ಕೊಂಬೆಯನ್ನು ಎಲ್ಲೆಂದರಲ್ಲಿ ತುಂಡರಿಸಬಾರದು. ಪಕ್ಕದ ಗಟ್ಟಿ ಕವಲು ಹುಟ್ಟುವ ಜಾಗಕ್ಕೆ ಇಳಿದು ಅಲ್ಲಿ ಕಡಿಯಬೇಕು, ಮುಂದೆ ಆ ಕವಲೇ ತುದಿಯಾಗಬೇಕು. ತೆಗೆಯುವ ಭಾಗದ ದಪ್ಪದಲ್ಲಿ ಕನಿಷ್ಠ ಮೂರನೇ ಒಂದರಷ್ಟು ದಪ್ಪ ಕವಲಿಗಿರಬೇಕು. ಅಷ್ಟಿದ್ದರೆ ಉಳಿದ ಕೊಂಬೆಗೆ ಬೇಕಾದ ಆಹಾರವನ್ನು ಅದು ಒದಗಿಸಬಲ್ಲದು, ಬೆಳವಣಿಗೆಯನ್ನೂ ಹಿಡಿತದಲ್ಲಿಡಬಲ್ಲದು. ಸಾಧ್ಯವಾದಷ್ಟೂ ನಾಲ್ಕು ಇಂಚಿಗಿಂತ ದಪ್ಪದ ಗಾಯ ಮಾಡಬಾರದು.

ಬೋಳಿಸಿದ ಮರ ಏನು ಮಾಡುತ್ತದೆ ನೋಡಿ. ಎಲೆಯೆಲ್ಲ ಹೋದ ಮೇಲೆ ಕೂಡಿಟ್ಟ ಪಿಷ್ಟವನ್ನೆಲ್ಲ ಸುರಿದು, ಕಡಿದ ತುದಿಯ ಸುತ್ತ ಹತ್ತಾರು ಚಿಗುರು ಎಬ್ಬಿಸುತ್ತದೆ. ದೂರದಿಂದ ನೋಡಿದವರಿಗೆ ಮರ ಹುಲುಸಾಗಿ ಬಂದಂತೆ ಕಾಣುತ್ತದೆ. ಆ ಚಿಗುರುಗಳು ತೊಗಟೆಯಡಿಯ ಮೊಗ್ಗಿನಿಂದ ಬಂದವು, ಹೊರಪದರಕ್ಕೆ ಮಾತ್ರ ಅಂಟಿಕೊಂಡವು. ಸಹಜವಾಗಿ ಹುಟ್ಟಿದ ಕೊಂಬೆಯ ಬೇರು ಕಾಂಡದ ಒಳಗಿನವರೆಗೆ ಇರುತ್ತದೆ, ಇವುಗಳಿಗೆ ಆ ಹಿಡಿತವಿಲ್ಲ. ಕೆಲವೇ ವರ್ಷದಲ್ಲಿ ಅವು ಹಳೆಯ ಎತ್ತರ ಮುಟ್ಟುತ್ತವೆ, ಅಷ್ಟರಲ್ಲಿ ಅವುಗಳ ಬುಡದ ಮೋಟು ಕೊಳೆಯುತ್ತಿರುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಗಾಳಿಗೆ ಮುರಿದುಬೀಳುವವು ಇವೇ. ಸುರಕ್ಷತೆಗೆಂದು ಬೋಳಿಸಿದ ಮರ ಹತ್ತು ವರ್ಷದಲ್ಲಿ ಮೊದಲಿಗಿಂತ ಅಪಾಯಕಾರಿಯಾಗಿರುತ್ತದೆ.

ಅಷ್ಟೊಂದು ತಗ್ಗಿಸುವ ಅಗತ್ಯವೂ ಇಲ್ಲ ಎನ್ನುವುದನ್ನು ಒಂದು ಅಂದಾಜು ಲೆಕ್ಕ ತೋರಿಸುತ್ತದೆ. 60 ಅಡಿಯ ಹುಣಸೆಯನ್ನು ಎತ್ತರ, ಅಗಲ ಎರಡರಲ್ಲೂ ಹತ್ತರಲ್ಲೊಂದು ಪಾಲು ಕಿರಿದು ಮಾಡಿದೆವು ಎನ್ನೋಣ. ಗಾಳಿಗೆ ಎದುರಾಗುವ ಹರಹು 0.9 × 0.9, ಅಂದರೆ 0.81ಕ್ಕೆ ಇಳಿಯುತ್ತದೆ. ಗಾಳಿಯ ಒತ್ತಡ ಬುಡದಿಂದ ಎಷ್ಟು ಎತ್ತರದಲ್ಲಿ ಬೀಳುತ್ತದೆ ಎಂಬುದೂ 0.9ಕ್ಕೆ ಇಳಿಯುತ್ತದೆ. ಎರಡನ್ನೂ ಗುಣಿಸಿದರೆ ಬುಡವನ್ನು ಮಗುಚುವ ಬಲ ಸುಮಾರು 0.73. ಬರೀ ಆರಡಿ ತಗ್ಗಿಸಿದ್ದಕ್ಕೆ ಕಾಲುಭಾಗಕ್ಕೂ ಹೆಚ್ಚು ಹೊರೆ ಕಡಿಮೆಯಾಯಿತು. ಮೇಲೆ ಹೋದಂತೆ ಗಾಳಿಯ ವೇಗ ಹೆಚ್ಚುವುದರಿಂದ ನಿಜವಾದ ಲಾಭ ಇನ್ನೂ ತುಸು ಜಾಸ್ತಿ. ಎಲೆಗಳು ಬಹುಪಾಲು ಹೊರಮೈಯಲ್ಲೇ ಇರುವುದರಿಂದ ನಷ್ಟವಾಗುವ ಎಲೆ ಐದರಲ್ಲೊಂದರಷ್ಟು. ಆರೋಗ್ಯವಂತ ಮರ ಅದನ್ನು ತಡೆದುಕೊಳ್ಳುತ್ತದೆ. ಇದೇ ಲೆಕ್ಕದಲ್ಲಿ ಐದರಲ್ಲೊಂದು ಪಾಲು ತಗ್ಗಿಸಿದರೆ ಹೊರೆ ಅರ್ಧಕ್ಕೆ ಇಳಿಯುತ್ತದೆ, ನಿಜ. ಆದರೆ ಎಲೆ ಮೂರನೇ ಒಂದಕ್ಕೂ ಹೆಚ್ಚು ಹೋಗುತ್ತದೆ. ಒಂದೇ ಸಲಕ್ಕೆ ಕಾಲುಭಾಗಕ್ಕಿಂತ ಹೆಚ್ಚು ಎಲೆ ತೆಗೆಯಬಾರದು ಎಂಬುದು ಮರ ನೋಡಿಕೊಳ್ಳುವವರ ಸಾಮಾನ್ಯ ಮಿತಿ. ಮುದಿ ಮರಕ್ಕೆ ಅದಕ್ಕೂ ಕಡಿಮೆ. ಹೆಚ್ಚು ತಗ್ಗಿಸಬೇಕಿದ್ದರೆ ನಡುವೆ ಎರಡು ಮೂರು ವರ್ಷ ಬಿಟ್ಟು ಮತ್ತೆ ಹತ್ತಬೇಕು. ಬರ ಬಿದ್ದ ವರ್ಷ ಮುಟ್ಟಲೇಬಾರದು.

ಈ ಸೀಮೆಯ ಮರಗಳಲ್ಲಿ ತಗ್ಗಿಸಲು ಅತಿ ಅನುಕೂಲವಾದದ್ದು ಹಲಸು. ಹಣ್ಣು ಬಿಡುವುದು ಕಾಂಡದ ಮೇಲೆ, ದಪ್ಪ ಕೊಂಬೆಗಳ ಮೇಲೆ. ನೆತ್ತಿ ಇಳಿದರೂ ಫಸಲು ಅಷ್ಟಾಗಿ ಹೋಗುವುದಿಲ್ಲ. ಕಾಯಿ ಮುಗಿದು ಮಳೆ ಹಿಡಿದ ಮೇಲೆ ಸವರಿದರೆ ಚಿಗುರು ಚೆನ್ನಾಗಿ ಬರುತ್ತದೆ. ಮಾವು ಹೂ ಬಿಡುವುದು ಬಲಿತ ಚಿಗುರಿನ ತುದಿಯಲ್ಲಿ, ಹಾಗಾಗಿ ಮುಂದಿನ ವರ್ಷದ ಫಸಲಿನಲ್ಲಿ ಒಂದು ಪಾಲು ಬಿಟ್ಟುಕೊಡಬೇಕು. ದೊಡ್ಡ ಗಾಯ ಮಾಡಿದರೆ ಕಾಂಡಕೊರಕ ಹುಳು ಬರುತ್ತದೆ. ಗಾಯಕ್ಕೆ ಡಾಂಬರು, ಬಣ್ಣ ಬಳಿದರೆ ಒಳಗಿನ ಕೊಳೆ ನಿಲ್ಲುವುದಿಲ್ಲ ಎಂದು ಶೈಗೋ ತೋರಿಸಿದ್ದಾರೆ. ಮಾವಿಗೆ ಬೋರ್ಡೊ ಮುಲಾಮು ಹಚ್ಚುವಂತೆ ತೋಟಗಾರಿಕೆಯವರು ಹೇಳುವುದು ಹೊರಗಿನ ಶಿಲೀಂಧ್ರದ ಭಯಕ್ಕೆ. ಸಣ್ಣ ಗಾಯಕ್ಕೆ ಎರಡೂ ಬೇಕಾಗುವುದಿಲ್ಲ. ಇದ್ದಕ್ಕಿದ್ದಂತೆ ಪಡುವಣ ಬಿಸಿಲಿಗೆ ಒಡ್ಡಿಕೊಂಡ ಕೊಂಬೆಗಳ ತೊಗಟೆ ಮಾತ್ರ ಸುಟ್ಟು ಸೀಳುತ್ತದೆ, ಅದಕ್ಕೆ ಸುಣ್ಣ ಬಳಿಯುವುದು ಒಳ್ಳೆಯದು. ಹುಣಸೆಯನ್ನು ಹಣ್ಣು ಬಡಿದಾದ ಮೇಲೆ ಸವರಬೇಕು.

ಹೊಂಗೆಯ ವಿಷಯದಲ್ಲಿ ನಮ್ಮ ಹಿರಿಯರದೇ ಒಂದು ಪದ್ಧತಿಯಿದೆ. ಹಸಿರೆಲೆ ಗೊಬ್ಬರಕ್ಕೆಂದು ಬದುವಿನ ಹೊಂಗೆಯನ್ನು ಎಳೆಯ ವಯಸ್ಸಿನಿಂದಲೇ ಸವರುತ್ತ ಬರುತ್ತಾರೆ. ಅದೇ ಗಂಟುಗಳಿಗೆ, ಬೆರಳು ಗಾತ್ರದ ಕಡ್ಡಿ ಇರುವಾಗಲೇ. ಗಾಯ ಸಣ್ಣದು, ಗಂಟಿನಲ್ಲಿ ಗೋಡೆ ಕಟ್ಟುವ ಶಕ್ತಿ ತುಂಬಿರುತ್ತದೆ, ಮರ ಗಿಡ್ಡವಾಗಿಯೇ ಉಳಿಯುತ್ತದೆ. ಯುರೋಪಿನಲ್ಲೂ ವಿಲೋ, ಬೀಚ್ ಮರಗಳನ್ನು ಶತಮಾನಗಳಿಂದ ಹೀಗೇ ಉಳಿಸಿಕೊಂಡಿದ್ದಾರೆ. ಐವತ್ತು ವರ್ಷ ಸುಮ್ಮನೆ ಬಿಟ್ಟ ಹೊಂಗೆಯನ್ನು ಒಂದು ದಿನ ಬೋಳಿಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಈ ವರ್ಷ ಬದುವಿಗೆ ಗಿಡ ನೆಡುವವರು ಹೊಂಗೆಯನ್ನು ಮೊದಲಿನಿಂದಲೇ ಹೀಗೆ ಪಳಗಿಸಿದರೆ ಮುಂದಿನ ನೆರಳಿನ ಜಗಳ ಅಲ್ಲಿಗೇ ತಪ್ಪುತ್ತದೆ.

ಇಷ್ಟೆಲ್ಲ ಕಷ್ಟಪಡುವುದಕ್ಕಿಂತ ಮರವನ್ನು ತೆಗೆದೇಬಿಡಬಾರದೇಕೆ ಎಂದು ಕೇಳುವವರಿಗೆ ನನ್ನ ಉತ್ತರ ಚೇಳೂರಿನದು. ಪಕ್ಕದ ಗುಬ್ಬಿ ತಾಲ್ಲೂಕಿನ ಆ ಊರಿನ ಒಂದು ಹಲಸಿನ ಮರದ ತಾಮ್ರಗೆಂಪು ತೊಳೆಗಳನ್ನು ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳು ಗುರುತಿಸಿದರು. ಅದೇ ಇಂದು ‘ಸಿದ್ದು’ ಎಂಬ ಹೆಸರಿನಲ್ಲಿ ಕಸಿ ಗಿಡವಾಗಿ ನಾಡಿನ ತುಂಬ ಹೋಗಿದೆ. ಬೀಜದಿಂದ ಎದ್ದ ಪ್ರತಿಯೊಂದು ಹಲಸೂ ಇನ್ನೊಂದರಂತಿಲ್ಲ, ಪ್ರತಿಯೊಂದು ಹುಣಸೆಯೂ ಅಷ್ಟೆ. ನೆರಳಿನ ಜಗಳಕ್ಕೆ ಬುಡಸಮೇತ ಹೋದ ಮರಗಳಲ್ಲಿ ಎಂಥೆಂಥವು ಇದ್ದವೋ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ. ಅಲ್ಲದೆ ಕಡಿದ ಮರದ ಬೊಡ್ಡೆ, ಬೇರು ನೆಲದಲ್ಲೇ ಕೊಳೆಯುತ್ತವೆ. ತೆಂಗಿಗೆ ಅಣಬೆ ರೋಗ ತರುವ ಗ್ಯಾನೋಡರ್ಮಾ ಶಿಲೀಂಧ್ರ ಬೇರೆ ಮರಗಳ ಸತ್ತ ಬೇರು, ಬೊಡ್ಡೆಗಳಲ್ಲೂ ಬದುಕಬಲ್ಲದು. ತೆಂಗನ್ನು ಉಳಿಸಲು ಕಡಿದ ಮರದ ಬೊಡ್ಡೆಯೇ ತೆಂಗಿಗೆ ಮುಳುವಾಗಬಹುದು.

ಕಾನೂನಿನ ಮಾತೂ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಹಲವು ಜಾತಿಯ ಮರ ಕಡಿಯಲು ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ದೊಡ್ಡ ಕೊಂಬೆಗೆ ಕೈಹಾಕುವ ಮುನ್ನ ವಲಯ ಅರಣ್ಯ ಕಚೇರಿಯಲ್ಲಿ ಕೇಳಿಕೊಂಡರೆ ಆಮೇಲಿನ ತೊಡಕು ಇರುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಮೇಲೆ ಹತ್ತುವವನ ಜೀವ. ದಿನಗೂಲಿಗೆ ಬಂದು, ಲುಂಗಿ ಎತ್ತಿಕಟ್ಟಿ, ಹೆಗಲಿಗೆ ಮಚ್ಚು ಸಿಕ್ಕಿಸಿಕೊಂಡು 50 ಅಡಿ ಮೇಲೆ ಹೋಗುವ ಮನುಷ್ಯನಿಗೆ ಸೊಂಟಪಟ್ಟಿ, ಹಗ್ಗ, ಹೆಲ್ಮೆಟ್ ಕೊಡಿಸುವುದು ತೋಟದವರ ಕರ್ತವ್ಯ. ಹತ್ತುವ ಮುನ್ನ ನೆಲದಲ್ಲೇ ನಿಂತು ನೋಡಬೇಕು: ಬುಡದಲ್ಲಿ ಅಣಬೆ ಎದ್ದಿದೆಯೇ, ಕವಲಿನಲ್ಲಿ ಬಿರುಕಿದೆಯೇ, ಒಣಗಿದ ಕೊಂಬೆ ಮೇಲೆ ಸಿಕ್ಕಿಕೊಂಡಿದೆಯೇ, ಹೆಜ್ಜೇನು ಕಟ್ಟಿದೆಯೇ. ತಂತಿ ಹತ್ತಿರವಿದ್ದರೆ ಲೈನ್‌ಮನ್ ಬಂದು ವಿದ್ಯುತ್ ತೆಗೆದ ಮೇಲೆಯೇ ಕೆಲಸ. ಹಸಿ ಕೊಂಬೆಯಲ್ಲೂ ವಿದ್ಯುತ್ ಹರಿಯುತ್ತದೆ. ಇಳಿಸುವ ಕೊಂಬೆಗೆ ಮೊದಲೇ ಹಗ್ಗ ಬಿಗಿದು, ಕೆಳಗಿನವರು ಹಿಡಿದು ನಿಧಾನವಾಗಿ ಬಿಟ್ಟರೆ ಕೆಳಗಿನ ತೆಂಗಿನ ಗರಿಯೂ ಉಳಿಯುತ್ತದೆ. ಏಣಿಯ ಮೇಲೆ ನಿಂತು ಚೈನ್ ಸಾ ನಡೆಸಲು ಯಾರನ್ನೂ ಬಿಡಬಾರದು.

ಸವರಿದ ಮರಕ್ಕೆ ಆ ಬೇಸಿಗೆಯಲ್ಲಿ ಬುಡದಿಂದ ದೂರಕ್ಕೆ, ತಲೆಯ ಅಂಚಿನ ನೇರದಲ್ಲಿ ನೀರು ಕೊಟ್ಟು ಸೋಗೆ, ತರಗು ಹೊದಿಸಬೇಕು. ಮುಂದಿನ ವರ್ಷ ಕಡಿದ ಜಾಗಗಳ ಸುತ್ತ ಬಂದ ಚಿಗುರು ನೋಡಬೇಕು. ಎಲ್ಲವನ್ನೂ ಒಮ್ಮೆಲೇ ಕಿತ್ತರೆ ಮರ ಮತ್ತೆ ಅಷ್ಟೇ ಚಿಗುರು ಎಬ್ಬಿಸುತ್ತದೆ. ಹೊರಮುಖವಾಗಿ, ಒಂದಕ್ಕೊಂದು ತಾಗದಂತೆ ಬೆಳೆದ ಎರಡು ಮೂರನ್ನು ಬಿಟ್ಟು, ಒಳಕ್ಕೆ ತಿರುಗಿದವುಗಳನ್ನು ಮೊದಲ ವರ್ಷ ಅರ್ಧದಷ್ಟು, ಉಳಿದವನ್ನು ಎರಡನೆಯ ವರ್ಷ ತೆಗೆಯಬೇಕು. ಆಗ ಅವು ಹೆಬ್ಬೆರಳ ಗಾತ್ರಕ್ಕೂ ಬಂದಿರುವುದಿಲ್ಲ. ಸಣ್ಣ ಗರಗಸ ಹಿಡಿದು ಮನೆಯವರೇ ಮಾಡಬಹುದಾದ ಅರ್ಧ ದಿನದ ಕೆಲಸ ಅದು.